ಬಿಡಾರದ ನೆಲ: ಆಸ್ಟ್ರೇಲಿಯಾದ ಕಾಡುವಾಸದ ಒಂದು ಚರಿತ್ರೆ

ಪಟ್ಟಣಗಳ ಮತ್ತು ಸಾಗುವಳಿ ಭೂಮಿಯ ಆಚೆಗೆ ಸ್ಥಳೀಯ ಗಿಡಮರಗಳಿಂದ ತುಂಬಿರುವ ಕಾಡುನೆಲವನ್ನು ಆಸ್ಟ್ರೇಲಿಯಾದ ಜನ ಬುಷ್ ಎಂದು ಕರೆಯುತ್ತಾರೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಇಂದಿಗೂ ಉಳಿದಿರುವ ಸರಳ ಬಿಡಾರತಾಣಗಳಲ್ಲಿ ಒಂದಿಷ್ಟು ಸಮತಟ್ಟಾದ ನೆಲ, ಒಂದು ಗುಂಡಿ ಶೌಚಾಲಯ ಮತ್ತು ಕೆಲವೆಡೆ ಬೆಂಕಿ ಹಾಕಲು ಗುರುತಿಸಿದ ಜಾಗ, ಇಷ್ಟನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಕುಡಿಯುವ ನೀರನ್ನು ಹೊತ್ತು ತರಬೇಕು, ಕಸವನ್ನು ಹೊತ್ತು ಹೋಗಬೇಕು. ವಿದ್ಯುತ್ತು, ಸ್ನಾನಗೃಹ, ಅಂಗಡಿ ಯಾವುದನ್ನೂ ನಿರೀಕ್ಷಿಸುವಂತಿಲ್ಲ. ಮೇಲ್ನೋಟಕ್ಕೆ ಇದು ಸರ್ಕಾರದ ಹಣದ ಕೊರತೆಯಿಂದಲೋ ಅಲಕ್ಷ್ಯದಿಂದಲೋ ಉಂಟಾದ ಬಡತನವೆಂದು ಕಂಡೀತು. ಆದರೆ ನ್ಯೂ ಸೌತ್ ವೇಲ್ಸ್ ರಾಜ್ಯದ ನೂರೈವತ್ತು ವರ್ಷಗಳ ಇತಿಹಾಸವನ್ನು, ಅದರಲ್ಲೂ ಸಿಡ್ನಿ ನಗರದ ಪಶ್ಚಿಮಕ್ಕೆ ಹಬ್ಬಿರುವ ಬ್ಲೂ ಮೌಂಟನ್ಸ್ ಪರ್ವತಪ್ರದೇಶದ ಇತಿಹಾಸವನ್ನು ಪರಿಶೀಲಿಸಿದರೆ, ಈ ಬರಿದುತನ ತಾನಾಗಿ ಒದಗಿದ್ದಲ್ಲವೆಂಬುದೂ, ಹಲವು ಜಗಳ, ಚಂದಾ ವಸೂಲಿ, ನಕ್ಷೆ ಮತ್ತು ಅರ್ಜಿಗಳ ಮೂಲಕ ಉದ್ದೇಶಪೂರ್ವಕವಾಗಿ ಉಳಿಸಿಕೊಂಡದ್ದೆಂಬುದೂ, ಆ ಉಳಿಸಿಕೊಳ್ಳುವಿಕೆಯಲ್ಲಿ ಕೆಲವರಿಗೆ ಘೋರ ಅನ್ಯಾಯವೂ ಆಯಿತೆಂಬುದೂ ಸ್ಪಷ್ಟವಾಗುತ್ತದೆ.

ಈ ಬೆಟ್ಟಗಳಲ್ಲಿ ಮೊದಲು ಬಿಡಾರ ಹೂಡಿದವರು ದರುಗ್ ಮತ್ತು ಗುಂಡುಂಗುರ್ರಾ ಜನ. ಬ್ಲೂ ಮೌಂಟನ್ಸ್‌ನ ಕಿಂಗ್ಸ್ ಟೇಬಲ್‌ಲ್ಯಾಂಡ್ ಎಂಬ ಎತ್ತರದ ಬಂಡೆಪ್ರದೇಶದಲ್ಲಿ ಸುಮಾರು 22,000 ವರ್ಷಗಳ ಹಿಂದೆಯೇ ಮನುಷ್ಯರು ತಂಗಿದ್ದರೆಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಮರಳುಗಲ್ಲಿನ ಬಂಡೆಗಳು ಮುಂಚಾಚಿ ನಿರ್ಮಿಸುವ ಗುಹೆಯಂಥ ಆಸರೆಗಳು ಅವರ ಮನೆಗಳಾಗಿದ್ದವು. ಗ್ಲೆನ್‌ಬ್ರೂಕ್ ಊರಿನ ಸಮೀಪದ ರೆಡ್ ಹ್ಯಾಂಡ್ಸ್ ಗುಹೆಯ ಗೋಡೆಯ ಮೇಲೆ ಮೂಡಿಸಿದ ಅಂಗೈ ಗುರುತುಗಳು ಇಂದಿಗೂ ಕಾಣಸಿಗುತ್ತವೆ. ಋತುಮಾನವನ್ನು ಅನುಸರಿಸಿ ಬೆಟ್ಟದ ಏಣುಗಳ ಮೇಲೂ ನದಿಯ ಪಾತ್ರದಲ್ಲೂ ಸಾಗುತ್ತಿದ್ದ ಈ ಜನರಿಗೆ ಎಲ್ಲಿ ನೀರು ಬತ್ತುವುದಿಲ್ಲ, ಎಲ್ಲಿ ಗಾಳಿಗೆ ಮರೆಯಿದೆ, ಎಷ್ಟು ನೆಲಕ್ಕೆ ಯಾವಾಗ ಬೆಂಕಿ ಕೊಡಬೇಕು ಎಂಬ ತಿಳಿವಳಿಕೆ ತಲೆಮಾರುಗಳಿಂದ ಬಂದಿತ್ತು. ಮುಂದೆ ಬಿಳಿಯರು ಮನುಷ್ಯಸ್ಪರ್ಶವಿಲ್ಲದ ಕಾಡೆಂದು ಕೊಂಡಾಡಿದ ಎಷ್ಟೋ ಪ್ರದೇಶಗಳು ಹೀಗೆ ಸಾವಿರಾರು ವರ್ಷ ಜನ ಉಂಡು ಮಲಗಿದ ನೆಲಗಳೇ ಆಗಿದ್ದವೆಂಬುದನ್ನು ಈ ಚರಿತ್ರೆಯ ಉದ್ದಕ್ಕೂ ನೆನಪಿನಲ್ಲಿಡಬೇಕಾಗುತ್ತದೆ.

1813ರ ಮೇ ತಿಂಗಳಲ್ಲಿ ಬ್ಲ್ಯಾಕ್ಸ್‌ಲ್ಯಾಂಡ್, ಲಾಸನ್ ಮತ್ತು ವೆಂಟ್‌ವರ್ತ್ ಎಂಬ ಮೂವರು ವಸಾಹತುಗಾರರು ಈ ಬೆಟ್ಟಸಾಲನ್ನು ದಾಟುವ ದಾರಿ ಹಿಡಿದರು. ಅದರ ಬೆನ್ನಿಗೇ ವಿಲಿಯಂ ಕಾಕ್ಸ್ ಎಂಬ ಅಧಿಕಾರಿ 1814-15ರಲ್ಲಿ ಕೈದಿಗಳ ದುಡಿಮೆಯಿಂದ ಕೆಲವೇ ತಿಂಗಳಲ್ಲಿ ರಸ್ತೆಯನ್ನೂ ಮಾಡಿಸಿದ. ಅಲ್ಲಿಂದ ಮುಂದಿನ ಮುಕ್ಕಾಲು ಶತಮಾನದ ಕಾಡುವಾಸ ಬಹುಮಟ್ಟಿಗೆ ಅನಿವಾರ್ಯದ ಕಾಡುವಾಸ. ದನದ ಮಂದೆಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವವರು, ಚಿನ್ನದ ಬೆನ್ನು ಹತ್ತಿದವರು, ಕುರಿಯ ಉಣ್ಣೆ ಕತ್ತರಿಸುವ ಕೆಲಸ ಅರಸುತ್ತ ಊರಿಂದೂರಿಗೆ ನಡೆಯುವವರು ಬೇರೆ ದಾರಿಯಿಲ್ಲದೆ ಬಯಲಲ್ಲಿ ಮಲಗುತ್ತಿದ್ದರು. ಕಂಬಳಿಯೊಳಗೆ ಬಟ್ಟೆಬರೆಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ ಸುರುಳಿಗೆ ಸ್ವ್ಯಾಗ್ ಎಂದು ಹೆಸರಿದ್ದುದರಿಂದ ಅದನ್ನು ಹೊತ್ತು ತಿರುಗುವವನು ಸ್ವ್ಯಾಗ್‌ಮನ್ ಎನಿಸಿಕೊಂಡ. ಬಿಲ್ಲಿ ಎಂಬ ತಂತಿ ಹಿಡಿಕೆಯ ತಗಡಿನ ಡಬ್ಬಿಯಲ್ಲಿ ಕುದಿಸಿದ ಚಹಾ ಮತ್ತು ಡ್ಯಾಂಪರ್ ಎಂಬ, ಹಿಟ್ಟನ್ನು ನೀರಿನಲ್ಲಿ ಕಲಸಿ ಬಿಸಿಬೂದಿಯಲ್ಲಿ ಹೂತು ಸುಟ್ಟ ದಪ್ಪ ರೊಟ್ಟಿ ಅವನ ಊಟವಾಗಿತ್ತು. 1890ರ ದಶಕದ ಆರ್ಥಿಕ ಕುಸಿತದಲ್ಲಿ ಇಂಥವರ ಸಂಖ್ಯೆ ಬಹಳವಾಗಿ ಹೆಚ್ಚಿತು. ವಿರಾಮಕ್ಕಾಗಿ ಕಾಡಿಗೆ ಹೋದ ನಗರವಾಸಿಗಳು ಮುಂದೆ ತಮ್ಮ ಸಲಕರಣೆಗಳನ್ನೂ ಅಡುಗೆಯನ್ನೂ ಬಹುಮಟ್ಟಿಗೆ ಈ ನಿರ್ಗತಿಕ ದುಡಿಮೆಗಾರರಿಂದಲೇ ಕಲಿತರು.

ಸರ್ಕಾರದ ಕಣ್ಣಿಗೆ ಮೊದಲು ಬಿದ್ದದ್ದು ಕಾಡಲ್ಲ, ನಗರದ ಆರೋಗ್ಯ. ಐದು ಬಾರಿ ನ್ಯೂ ಸೌತ್ ವೇಲ್ಸ್ ವಸಾಹತಿನ ಪ್ರಧಾನಿಯಾಗಿದ್ದ ಸರ್ ಜಾನ್ ರಾಬರ್ಟ್‌ಸನ್, 1861ರಲ್ಲಿ ಸಣ್ಣ ಹಿಡುವಳಿದಾರರಿಗೆ ಸರ್ಕಾರಿ ಭೂಮಿಯನ್ನು ತೆರೆದುಕೊಟ್ಟ ಕಾನೂನಿಗೆ ಹೆಸರಾದವನು. ಅದೇ ರಾಬರ್ಟ್‌ಸನ್ನನ ಮುತುವರ್ಜಿಯಿಂದ 1879ರ ಏಪ್ರಿಲ್‌ನಲ್ಲಿ ಸಿಡ್ನಿಯ ದಕ್ಷಿಣಕ್ಕೆ, ದರವಾಲ್ ಜನರ ನೆಲದಲ್ಲಿ, ಸುಮಾರು 18,000 ಎಕರೆ ಪ್ರದೇಶವನ್ನು ನಗರವಾಸಿಗಳ ಆರೋಗ್ಯ, ವಿಹಾರಗಳಿಗೆಂದು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ರಚನೆಯಾಗಿದ್ದುದರಿಂದ, ಇಂದು ರಾಯಲ್ ಎಂಬ ಹೆಸರು ಹೊತ್ತಿರುವ ಈ ಉದ್ಯಾನವನ್ನು ಜಗತ್ತಿನ ಎರಡನೆಯ ರಾಷ್ಟ್ರೀಯ ಉದ್ಯಾನವೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆದರೆ ಅದರ ಧರ್ಮದರ್ಶಿಗಳ ಮನಸ್ಸಿನಲ್ಲಿದ್ದ ಚಿತ್ರ ಬೇರೆಯದೇ ಆಗಿತ್ತು. ಹುಲ್ಲುಹಾಸು, ಅಲಂಕಾರದ ಗಿಡಗಳು, ದೋಣಿವಿಹಾರ, ಸೈನಿಕರ ಕವಾಯತು, ಪರದೇಶದ ಪ್ರಾಣಿಗಳನ್ನು ತಂದು ನೆಲೆಗೊಳಿಸುವ ಪ್ರಯೋಗ ಇವೆಲ್ಲಕ್ಕೂ ಅಲ್ಲಿ ಎಡೆಯಿತ್ತು. ಆಗ ತಂದು ಬಿಟ್ಟ ಜಿಂಕೆಗಳ ಸಂತತಿ ಇಂದಿಗೂ ಅಲ್ಲಿನ ಸಸ್ಯಗಳಿಗೆ ಹಾನಿ ಮಾಡುತ್ತಿದೆ. ಬಿಡಾರ ಹೂಡುವುದೂ ಈ ಮನರಂಜನೆಗಳಲ್ಲಿ ಒಂದಾಗಿತ್ತೇ ಹೊರತು, ಕಾಡನ್ನು ಕಾಡಾಗಿಯೇ ಬಿಡಬೇಕೆಂಬ ಆಲೋಚನೆ ಇನ್ನೂ ಹುಟ್ಟಿರಲಿಲ್ಲ.

ಆ ಆಲೋಚನೆ ಹುಟ್ಟುವ ಸೂಚನೆಗಳು ಬೇರೆ ಕಡೆ ಇದ್ದವು. 1875ರಲ್ಲಿ ಸರ್ಕಾರಿ ಅಧಿಕಾರಿ ಎಕ್ಲ್‌ಸ್ಟನ್ ಡು ಫೋರ್, ಬ್ಲೂ ಮೌಂಟನ್ಸ್‌ನ ಗ್ರೋಸ್ ನದಿಯ ಆಳವಾದ ಕಣಿವೆಯಲ್ಲಿ ಕಲಾವಿದರ ಬಿಡಾರವೊಂದನ್ನು ಏರ್ಪಡಿಸಿದ. ಚಿತ್ರಕಾರ ಪಿಗ್ನಿಟ್ ಮತ್ತು ಛಾಯಾಗ್ರಾಹಕ ಬಿಶಾಫ್ ಅದರಲ್ಲಿದ್ದರು. ನೋಡುವುದಕ್ಕಾಗಿಯೇ, ಬೇರೇನನ್ನೂ ಅಗೆಯದೆ ಕಡಿಯದೆ, ಕಾಡಿನಲ್ಲಿ ತಂಗಿದ ಮೊದಲ ವಸಾಹತುಗಾರರ ಸಾಲಿನಲ್ಲಿ ಇವರನ್ನು ನಿಲ್ಲಿಸಬಹುದು.

ಆ ಮನೋಭಾವವನ್ನು ಒಂದು ಶಿಸ್ತಾಗಿ ರೂಪಿಸಿದವನು ಮೈಲ್ಸ್ ಡನ್ಫಿ. 1891ರಲ್ಲಿ ಹುಟ್ಟಿದ, ವಾಸ್ತುಶಿಲ್ಪದ ನಕ್ಷೆಗಾರನೂ ಅಧ್ಯಾಪಕನೂ ಆಗಿದ್ದ ಡನ್ಫಿ 1912ರಲ್ಲಿ ಗೆಳೆಯ ಬರ್ಟ್ ಗ್ಯಾಲಪ್ ಜೊತೆ ಕಟೂಂಬಾ ಊರಿನಿಂದ ಕಾಕ್ಸ್ ನದಿಗೆ ಇಳಿದು, ಬರಗೊರಾಂಗ್ ಕಣಿವೆಯ ಮೂಲಕ ದೀರ್ಘ ಕಾಲ್ನಡಿಗೆ ಮಾಡಿದ. ಎರಡು ವರ್ಷಗಳ ತರುವಾಯ ಇವರಿಬ್ಬರೂ ರಾಯ್ ಡೇವಿಸ್ ಎಂಬುವನೊಡನೆ ಸೇರಿ ಮೌಂಟನ್ ಟ್ರೇಲ್ಸ್ ಕ್ಲಬ್ ಸ್ಥಾಪಿಸಿದರು. ಹೋದಲ್ಲೆಲ್ಲ ಡನ್ಫಿ ಅಳೆದು, ಬರೆದು, ನಕ್ಷೆ ಮಾಡಿದ. ಸರ್ಕಾರದ ಬಳಿಯೇ ಸರಿಯಾದ ನಕ್ಷೆಗಳಿಲ್ಲದಿದ್ದ ಕಾಲದಲ್ಲಿ ಅವನು ಕೈಯಾರೆ ಬಿಡಿಸಿದ ಏಣು, ಕಣಿವೆ, ತೊರೆಗಳ ನಕ್ಷೆಗಳು ನಡಿಗೆಗಾರರಿಗೆ ದಾರಿ ತೋರಿದ್ದಷ್ಟೇ ಅಲ್ಲದೆ, ಮುಂದೆ ಉದ್ಯಾನದ ಗಡಿಗಳನ್ನು ಕೇಳಲು ಆಧಾರವೂ ಆದವು. ಅವನ ಕುಟುಂಬ ಕೂಡ ಈ ಹುಚ್ಚಿನಲ್ಲಿ ಪಾಲ್ಗೊಂಡಿತು; ಪುಟ್ಟ ಮಗ ಮೈಲೋನನ್ನು ಕಾಡುದಾರಿಯಲ್ಲಿ ಕರೆದೊಯ್ಯಲು ಡನ್ಫಿ ಮಾರ್ಪಡಿಸಿದ, ಕನಾಂಗ್ರಾ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟ ಮಗುವಿನ ತಳ್ಳುಗಾಡಿಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇಂದು ಜೋಪಾನವಾಗಿಟ್ಟಿದೆ.

ಮೌಂಟನ್ ಟ್ರೇಲ್ಸ್ ಕ್ಲಬ್‌ಗೆ ಗಂಡಸರಿಗೆ ಮಾತ್ರ, ಅದೂ ಆಹ್ವಾನದ ಮೇರೆಗೆ ಪ್ರವೇಶವಿತ್ತು. ಈ ಬೇಲಿಯನ್ನು ದಾಟಿ 1927ರಲ್ಲಿ ಸಿಡ್ನಿ ಬುಷ್ ವಾಕರ್ಸ್ ಎಂಬ ಸಂಘ ಹೆಣ್ಣು ಗಂಡು ಇಬ್ಬರನ್ನೂ ಸಮಾನ ಸದಸ್ಯರನ್ನಾಗಿ ಸೇರಿಸಿಕೊಂಡಿತು. ಮದುವೆಯಾಗದ ಹೆಣ್ಣು ಗಂಡುಗಳು ಒಟ್ಟಾಗಿ ಕಾಡಿನಲ್ಲಿ ರಾತ್ರಿ ಕಳೆಯುವುದನ್ನು ಗೌರವಸ್ಥ ಸಮಾಜ ಸಹಿಸದಿದ್ದ ಕಾಲದಲ್ಲಿ ಇದು ಸಣ್ಣ ಹೆಜ್ಜೆಯಾಗಿರಲಿಲ್ಲ. ಬರಿಗಾಲಲ್ಲೇ ಬಂಡೆಗಳನ್ನೇರುತ್ತಿದ್ದ ಡಾಟ್ ಬಟ್ಲರ್ 1936ರಲ್ಲಿ ವಾರಂಬಂಗಲ್ ಬೆಟ್ಟಗಳ ಕ್ರೇಟರ್ ಬ್ಲಫ್ ಶಿಖರವನ್ನು ಹತ್ತಿದಳು. ನ್ಯೂ ಸೌತ್ ವೇಲ್ಸ್‌ನಲ್ಲಿ ಸಾಲಿಸಿಟರ್ ಆಗಿ, ಎಂದರೆ ಕಕ್ಷಿದಾರರ ಕಾನೂನು ವ್ಯವಹಾರ ನೋಡಿಕೊಳ್ಳುವ ವಕೀಲೆಯಾಗಿ, 1924ರಲ್ಲಿ ನೋಂದಣಿ ಪಡೆದ ಮೊದಲ ಮಹಿಳೆ ಮೇರಿ ಬೈಲ್ಸ್, ಕಾನೂನಿನ ತನ್ನ ಜ್ಞಾನವನ್ನು ಈ ಸಂಘದ ಕೆಲಸಕ್ಕೆ ಎರೆದು, 1935ರಲ್ಲಿ ಬೌಡಿ ಕರಾವಳಿಯ ಪ್ರದೇಶಕ್ಕೆ ರಕ್ಷಣೆ ದೊರಕಿಸಿದಳು. ಬೈಲ್ಸ್‌ಳ ಬದುಕಿಗೆ ಭಾರತದೊಡನೆ ನಿಜವಾದ ನಂಟಿದೆ: ಸಿಡ್ನಿಯ ಚೆಲ್ಟನ್‌ಹ್ಯಾಮ್‌ನಲ್ಲಿ ಕಾಡಿನ ಅಂಚಿಗೆ ಕಟ್ಟಿಕೊಂಡ ಮನೆಗೆ ಅವಳು ಅಹಿಂಸಾ ಎಂದು ಹೆಸರಿಟ್ಟಳು, ಬೌದ್ಧಧರ್ಮವನ್ನು ಅಭ್ಯಸಿಸಿದಳು, ಬುದ್ಧನನ್ನೂ ಗಾಂಧಿಯನ್ನೂ ಕುರಿತು ಪುಸ್ತಕಗಳನ್ನು ಬರೆದಳು. ಕಾಡಿನಲ್ಲಿ ಕಡಿಮೆ ಸಾಮಾನಿನೊಂದಿಗೆ ಇರುವುದು ಅವಳಿಗೆ ಬರಿಯ ವಾರಾಂತ್ಯದ ವಿನೋದವಾಗಿರಲಿಲ್ಲ. ಅಗತ್ಯಗಳನ್ನು ಕಡಿಮೆ ಮಾಡಿಕೊಂಡು ಬಾಳುವ ಒಂದು ಧರ್ಮದ ಭಾಗವೇ ಆಗಿತ್ತು.

ಇದೇ ಕಾಲದ ಆರ್ಥಿಕ ಮಹಾಕುಸಿತ ಸಾವಿರಾರು ಜನರ ಕೆಲಸ ಕಸಿದು, ಸಿಡ್ನಿಯ ಹೊರವಲಯದಲ್ಲಿ ಗೋಣಿತಾಟು ಮತ್ತು ತಗಡಿನ ಬಿಡಾರಗಳನ್ನು ಎಬ್ಬಿಸಿತು. ಒಂದೇ ಆಕಾಶದ ಕೆಳಗೆ ಕೆಲವರು ಬಯಸಿ, ಕೆಲವರು ಬೇರೆ ಗತಿಯಿಲ್ಲದೆ ಡೇರೆಯಲ್ಲಿ ಮಲಗುತ್ತಿದ್ದರು. ಇಂಗ್ಲೆಂಡಿನಿಂದ 1926ರಲ್ಲಿ ವಲಸೆ ಬಂದಿದ್ದ ಪ್ಯಾಡಿ ಪ್ಯಾಲಿನ್ 1930ರಲ್ಲಿ ಕೆಲಸ ಕಳೆದುಕೊಂಡು, ಮನೆಯಲ್ಲೇ ಹೊಲಿಗೆಗೆ ಕುಳಿತು ಹಗುರವಾದ ಡೇರೆ, ಬೆನ್ನುಚೀಲ, ಮಲಗುವ ಚೀಲಗಳನ್ನು ತಯಾರಿಸಿ ಮಾರತೊಡಗಿದ. ಅದಕ್ಕೆ ಮುಂಚೆ ನಡಿಗೆಗಾರರು ಸೈನ್ಯದ ದಪ್ಪ ಕ್ಯಾನ್ವಾಸನ್ನೂ ತೊಯ್ದರೆ ಇಮ್ಮಡಿ ತೂಗುವ ಕಂಬಳಿಗಳನ್ನೂ ಹೊರುತ್ತಿದ್ದುದರಿಂದ, ಹೊರೆ ಕಡಿಮೆಯಾದಂತೆ ಒಂದು ವಾರದ ಆಹಾರವನ್ನು ಬೆನ್ನ ಮೇಲಿಟ್ಟುಕೊಂಡು ದಾರಿಯಿಲ್ಲದ ಕಣಿವೆಗಳಿಗೆ ಇಳಿಯುವುದು ಸಾಧಾರಣ ಗುಮಾಸ್ತನಿಗೂ ಟೈಪಿಸ್ಟಳಿಗೂ ಸಾಧ್ಯವಾಯಿತು. ಅವನು 1933ರಲ್ಲಿ ಪ್ರಕಟಿಸಿದ ಕಾಡುನಡಿಗೆಯ ಕೈಪಿಡಿ ಮುಂದೆ ಹಲವು ದಶಕಗಳ ಕಾಲ ಮರುಮುದ್ರಣ ಕಾಣುತ್ತಲೇ ಹೋಯಿತು.

ಈ ಎಲ್ಲ ಎಳೆಗಳು ಒಂದುಗೂಡಿದ್ದು 1931ರ ಈಸ್ಟರ್ ಹಬ್ಬದ ರಜೆಯಲ್ಲಿ. ನಡಿಗೆಗಾರ ಅಲನ್ ರಿಗ್ಬಿಯ ನೇತೃತ್ವದಲ್ಲಿ ಮೌಂಟನ್ ಟ್ರೇಲ್ಸ್ ಮತ್ತು ಸಿಡ್ನಿ ಬುಷ್ ವಾಕರ್ಸ್ ಸಂಘಗಳ ಕೆಲವರು ಗ್ರೋಸ್ ಕಣಿವೆಯ ಬ್ಲೂ ಗಮ್ ಫಾರೆಸ್ಟ್ ಎಂಬ ತೋಪಿನಲ್ಲಿ ಬಿಡಾರ ಹೂಡಿದ್ದರು. ಬ್ಲೂ ಗಮ್ ಎಂಬುದು ಯೂಕಲಿಪ್ಟಸ್ ಕುಲದ ಒಂದು ಪ್ರಭೇದ. ಕರ್ನಾಟಕದಲ್ಲಿ ನೀಲಗಿರಿ ಎಂದು ಹೆಸರಾಗಿ, ಸಾಲುಸಾಲಾಗಿ ನೆಟ್ಟು ಕಾಗದಕ್ಕೂ ಸೌದೆಗೂ ಕಡಿಯಲಾಗುವ ಮರಗಳು ಇದೇ ಕುಲಕ್ಕೆ ಸೇರಿದವಾದರೂ, ತಮ್ಮ ಹುಟ್ಟುನೆಲವಾದ ಈ ಕಣಿವೆಯಲ್ಲಿ ಬ್ಲೂ ಗಮ್ ಮರಗಳು ನೆಟ್ಟಗೆ, ನುಣುಪಾದ ತಿಳಿಬಣ್ಣದ ಕಾಂಡದೊಂದಿಗೆ, ಗೋಪುರದಂತೆ ಬೆಳೆಯುತ್ತವೆ. ಆ ತೋಪಿನ 40 ಎಕರೆಯನ್ನು ಸರ್ಕಾರದಿಂದ ಗುತ್ತಿಗೆ ಹಿಡಿದಿದ್ದ ಬಿಲ್ಪಿನ್ ಊರಿನ ಹಣ್ಣಿನ ತೋಟಗಾರ ಹಂಗರ್‌ಫರ್ಡ್ ಅಲ್ಲಿಗೆ ಬಂದು, ಮರಗಳನ್ನು ಕಡಿದು ವಾಲ್‌ನಟ್ ನೆಡುವ ತನ್ನ ಉದ್ದೇಶವನ್ನು ತಿಳಿಸಿದ. ಅವನ ಹಕ್ಕು ಕಾನೂನುಬದ್ಧವಾಗಿದ್ದುದರಿಂದ ಬಿಡಾರದವರ ಮುಂದೆ ಉಳಿದದ್ದು ಒಂದೇ ದಾರಿ: ಅದನ್ನು ಕೊಂಡುಕೊಳ್ಳುವುದು. ಬಿಡದೆ ಸುರಿಯುವ ಮಳೆಯಲ್ಲಿ ಆ ಮರಗಳ ಕೆಳಗೇ ನಡೆದ ಮಾತುಕತೆಯಲ್ಲಿ 130 ಪೌಂಡಿಗೆ ಗುತ್ತಿಗೆ ಬಿಟ್ಟುಕೊಡಲು ಅವನು ಒಪ್ಪಿದ. ಕೆಲಸವೇ ಇಲ್ಲದ ಸದಸ್ಯರಿದ್ದ ಸಂಘಗಳಿಗೆ ಆ ಮೊತ್ತ ಬೆಟ್ಟದಂಥದ್ದು. ನೃತ್ಯಕೂಟಗಳನ್ನು ನಡೆಸಿ, ಚಂದಾ ಎತ್ತಿ, ಒಂದು ಭಾಗವನ್ನು ಸದಸ್ಯನೊಬ್ಬನಿಂದ ಸಾಲ ಪಡೆದು ಹಣ ಹೊಂದಿಸಲಾಯಿತು. 1932ರಲ್ಲಿ ಆ ತೋಪನ್ನು ಸಾರ್ವಜನಿಕ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆಸ್ಟ್ರೇಲಿಯಾದ ಸಂರಕ್ಷಣಾ ಚಳವಳಿಯ ತೊಟ್ಟಿಲು ಎಂದು ಈ ಸ್ಥಳವನ್ನು ಅನೇಕರು ಕರೆಯುವುದು ಉತ್ಪ್ರೇಕ್ಷೆಯಲ್ಲ. ರಾಜಕಾರಣಿಯೊಬ್ಬನ ಔದಾರ್ಯದಿಂದಾಗಲಿ ವಿಜ್ಞಾನಿಗಳ ವರದಿಯಿಂದಾಗಲಿ ಅಲ್ಲದೆ, ಒಂದು ನೆಲದ ಮೇಲೆ ಮಲಗಿ ಎದ್ದವರು ತಮ್ಮ ಕಿಸೆಯಿಂದಲೇ ಅದನ್ನು ಬಿಡಿಸಿಕೊಟ್ಟ ಘಟನೆ ಇದು.

ಒಂದು ತೋಪನ್ನು ಕೊಳ್ಳಬಹುದು, ಇಡೀ ಪರ್ವತಪ್ರದೇಶವನ್ನು ಕೊಳ್ಳಲಾಗದು ಎಂಬುದು ಡನ್ಫಿಗೆ ತಿಳಿದಿತ್ತು. ಅದಕ್ಕಾಗಿ 1932ರ ಹೊತ್ತಿಗೆ ಅವನು ರಾಷ್ಟ್ರೀಯ ಉದ್ಯಾನ ಮತ್ತು ಆದಿಮ ಪ್ರದೇಶಗಳ ಮಂಡಳಿಯನ್ನು ಸಂಘಟಿಸಿದ. ಆದಿಮ ಪ್ರದೇಶ ಎಂಬುದು ರಸ್ತೆ, ಹೋಟೆಲು, ಕಟ್ಟಡಗಳಿಗೆ ಅವಕಾಶವೀಯದೆ, ನಡೆದು ಬಂದು ಡೇರೆಯಲ್ಲಿ ತಂಗುವವರಿಗಷ್ಟೇ ತೆರೆದಿಡುವ ಪ್ರದೇಶ. ಅಮೆರಿಕದ ಅರಣ್ಯ ಇಲಾಖೆಯ ಪರಿಭಾಷೆಯಲ್ಲಿ ಆಗ ಬಳಕೆಯಲ್ಲಿದ್ದ ಕಲ್ಪನೆ ಅದು. 1934ರ ಆಗಸ್ಟ್‌ನಲ್ಲಿ ಕಟೂಂಬಾದ ದಿನಪತ್ರಿಕೆಯೊಂದು ಅವನ ನಕ್ಷೆಯೊಂದಿಗೆ ವಿಶೇಷ ಪುರವಣಿ ಹೊರತಂದು, ವಿಶಾಲ ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಪ್ರಸ್ತಾವವನ್ನು ಜನರ ಮುಂದಿಟ್ಟಿತು. ಈ ನಕ್ಷೆಯಲ್ಲಿ ಬಹು ಮಹತ್ವದ ಅಂಶವೊಂದಿದೆ: ಪ್ರವಾಸಿಗರಿಗೆ ರಸ್ತೆ, ವಸತಿ ಒದಗಿಸುವ ಭಾಗಗಳನ್ನೂ ಏನನ್ನೂ ಒದಗಿಸದೆ ಬಿಡುವ ಭಾಗಗಳನ್ನೂ ಡನ್ಫಿ ಬೇರೆಬೇರೆಯಾಗಿ ಗುರುತಿಸಿದ್ದ. ಇಂದಿನ ಸರಳ ಬಿಡಾರತಾಣದ ಮೂಲ ಇಲ್ಲಿದೆ. ಪ್ರಸ್ತಾವ ಫಲಿಸಲು ಕಾಲು ಶತಮಾನ ಹಿಡಿಯಿತು; 1959ರಲ್ಲಿ ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ, 1969ರಲ್ಲಿ ಕನಾಂಗ್ರಾ-ಬಾಯ್ಡ್, 1979ರಲ್ಲಿ ವೊಲೆಮೈ ರಚನೆಯಾದವು. 1967ರ ಕಾನೂನು ರಾಜ್ಯದ ಉದ್ಯಾನಗಳನ್ನೆಲ್ಲ ಒಂದೇ ಇಲಾಖೆಯ ಕೆಳಗೆ ತಂದಿತು. 2000ದಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಈ ಪ್ರದೇಶ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತಳ್ಳುಗಾಡಿಯಲ್ಲಿ ಕಾಡು ಕಂಡಿದ್ದ ಮೈಲೋ ಡನ್ಫಿ ಬೆಳೆದು ದೊಡ್ಡವನಾಗಿ ಈ ಹೋರಾಟಗಳ ಮುಂಚೂಣಿಯಲ್ಲಿ ನಿಂತ.

ಇಷ್ಟು ದೂರ ಬಂದ ಕಥೆಯನ್ನು ಗೆಲುವಿನ ಕಥೆಯೆಂದು ಮಾತ್ರ ಹೇಳುವುದು ಅಪ್ರಾಮಾಣಿಕವಾಗುತ್ತದೆ. ನಡಿಗೆಗಾರರು ಹೊರಡುತ್ತಿದ್ದ ಕಟೂಂಬಾ ಊರಿನ ತಗ್ಗಿನಲ್ಲಿ, ದಿ ಗಲಿ ಎಂಬ ಜಾಗದಲ್ಲಿ, ಗುಂಡುಂಗುರ್ರಾ ಮತ್ತು ದರುಗ್ ಕುಟುಂಬಗಳು ಬಡ ಬಿಳಿಯರೊಡನೆ ಸಣ್ಣ ಮನೆಗಳಲ್ಲಿ ಬದುಕುತ್ತಿದ್ದವು. ಮೋಟಾರು ಪಂದ್ಯದ ಓಡುಹಾದಿ ಕಟ್ಟುವುದಕ್ಕಾಗಿ 1957ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. 1960ರಲ್ಲಿ ಪೂರ್ಣಗೊಂಡ ವಾರಗಂಬಾ ಅಣೆಕಟ್ಟು ಬರಗೊರಾಂಗ್ ಕಣಿವೆಯನ್ನು, ಗುಂಡುಂಗುರ್ರಾ ಜನರ ಬಿಡಾರಗಳನ್ನೂ ಪವಿತ್ರ ತಾಣಗಳನ್ನೂ ಒಳಗೊಂಡಂತೆ, ಮುಳುಗಿಸಿತು. ನಾಡಿನ ಮೂಲ ಬಿಡಾರದವರಿಗೆ ನೆಲ ತಪ್ಪಿದ ದಶಕವೂ ವಿರಾಮದ ಬಿಡಾರದವರಿಗೆ ಉದ್ಯಾನ ದಕ್ಕಿದ ದಶಕವೂ ಒಂದೇ. ದಿ ಗಲಿಯನ್ನು ಸರ್ಕಾರ ಮೂಲನಿವಾಸಿಗಳ ಸ್ಥಳವೆಂದು ಅಧಿಕೃತವಾಗಿ ಒಪ್ಪಿಕೊಂಡದ್ದು 2002ರಲ್ಲಿ.

ಒಳನಾಡಿನ ಮರುಭೂಮಿಗಳಲ್ಲಿ ಬಿಡಾರದ ಚರಿತ್ರೆ ಚಕ್ರಗಳ ಮೇಲೆ ಸಾಗಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ದನದ ಮಂದೆಗಳಿಗಾಗಿ ಆಲ್ಫ್ರೆಡ್ ಕ್ಯಾನಿಂಗ್ 1908-10ರಲ್ಲಿ ತೋಡಿಸಿದ ಬಾವಿಗಳ ಸಾಲು ಸುಮಾರು 1,850 ಕಿಲೋಮೀಟರು ಉದ್ದದ್ದು. ಅದರ ಸಮೀಕ್ಷೆಯಲ್ಲಿ ನೀರಿನ ನೆಲೆ ತೋರಿಸುವಂತೆ ಮೂಲನಿವಾಸಿಗಳನ್ನು ಸರಪಳಿಯಲ್ಲಿ ಬಿಗಿದು ನಡೆಸಿದ್ದರ ಬಗ್ಗೆ 1908ರಲ್ಲಿ ವಿಚಾರಣಾ ಆಯೋಗವೇ ಕೂತಿತ್ತು. ಕ್ಷಿಪಣಿ ಮತ್ತು ಅಣ್ವಸ್ತ್ರ ಪರೀಕ್ಷೆಗಳಿಗಾಗಿ ಲೆನ್ ಬೀಡೆಲ್‌ನ ತಂಡ 1950ರ ದಶಕದಲ್ಲಿ ಮರುಭೂಮಿಯ ನಡುವೆ ಗನ್‌ಬ್ಯಾರಲ್ ಹೆದ್ದಾರಿಯಂಥ ಮಣ್ಣುರಸ್ತೆಗಳನ್ನು ಹಾಕಿತು. ಭೂವಿಜ್ಞಾನಿ ರೆಗ್ ಸ್ಪ್ರಿಗ್ 1962ರಲ್ಲಿ ಹೆಂಡತಿ ಮಕ್ಕಳೊಡನೆ ಸಿಂಪ್ಸನ್ ಮರುಭೂಮಿಯನ್ನು ವಾಹನದಲ್ಲಿ ದಾಟಿದ. ದನ, ಕ್ಷಿಪಣಿ, ತೈಲಶೋಧ ಇವುಗಳಿಗೆಂದು ಹುಟ್ಟಿದ ಈ ದಾರಿಗಳೇ ಇಂದು ನೀರು, ಇಂಧನ, ಬಿಡಿಭಾಗಗಳನ್ನೆಲ್ಲ ಜೊತೆಗೊಯ್ದು ವಾರಗಟ್ಟಲೆ ಬಯಲಲ್ಲಿ ಮಲಗುವವರ ದಾರಿಗಳಾಗಿವೆ. ಕ್ಯಾನಿಂಗ್ ದಾರಿಯಲ್ಲಿ ಸಾಗಲು ಈಗ ಮೂಲನಿವಾಸಿ ಒಡೆಯರ ಅನುಮತಿಪತ್ರ ಬೇಕು. ಉಲುರು ಬಂಡೆಯ ಬುಡದಲ್ಲೇ ಬೆಳೆದಿದ್ದ ಮೋಟೆಲು, ಬಿಡಾರತಾಣಗಳು ಅಲ್ಲಿನ ನೆಲವನ್ನೂ ನೀರನ್ನೂ ಕೆಡಿಸಿದ್ದರಿಂದ ಅವನ್ನು 1984ರ ಹೊತ್ತಿಗೆ ದೂರದ ಯುಲಾರಾಕ್ಕೆ ಸಾಗಿಸಲಾಯಿತು, ಮರುವರ್ಷ ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಒಡೆತನಕ್ಕೆ ಮರಳಿತು.

ಬಿಡಾರದವರು ತಮ್ಮ ಹೆಜ್ಜೆಯ ಭಾರವನ್ನು ಅರಿತದ್ದು ನಿಧಾನವಾಗಿ. 1930ರ ದಶಕದ ನಡಿಗೆಗಾರರಿಗೆ ಖಾಲಿ ಡಬ್ಬಿಗಳನ್ನು ಸುಟ್ಟು, ಜಜ್ಜಿ, ಹೂಳುವುದೇ ಶಿಷ್ಟಾಚಾರವಾಗಿತ್ತು. ಬರುವವರ ಸಂಖ್ಯೆ ಹೆಚ್ಚಿದಂತೆ ಹೂತದ್ದೆಲ್ಲ ಮೇಲೆದ್ದು, ತಂದದ್ದನ್ನು ವಾಪಸು ಒಯ್ಯಬೇಕೆಂಬ ನಿಯಮ ಬಂತು. ಬಿದ್ದ ಮರದ ಪೊಳ್ಳುಗಳು ಹಲ್ಲಿ, ಹಕ್ಕಿ, ಸಣ್ಣ ಪ್ರಾಣಿಗಳ ಮನೆಗಳೆಂದು ತಿಳಿದ ಮೇಲೆ ಅನೇಕ ಉದ್ಯಾನಗಳು ಸೌದೆ ಆಯುವುದನ್ನು ನಿಷೇಧಿಸಿದವು, ಕೆಲವೆಡೆ ಬೆಂಕಿಯೇ ನಿಂತು ಗ್ಯಾಸ್ ಒಲೆ ಮಾತ್ರ ಉಳಿಯಿತು. ಈ ಬದಲಾವಣೆಯ ಆಳ ಬ್ಲೂ ಗಮ್ ಫಾರೆಸ್ಟಿನಲ್ಲೇ ಕಾಣುತ್ತದೆ. ಬಿಡಾರದವರು ಹಣ ಕೊಟ್ಟು ಉಳಿಸಿದ ಆ ತೋಪಿನೊಳಗೆ ಈಗ ಬಿಡಾರ ಹೂಡುವಂತಿಲ್ಲ. ಡೇರೆಗಳು ಪಕ್ಕದ ಅಕೇಶಿಯಾ ಫ್ಲ್ಯಾಟ್ ಎಂಬಲ್ಲಿಗೆ ಸರಿದಿವೆ. ಮೊದಲಿನವರು ಯಾವ ಮಣ್ಣಿನ ಮೇಲೆ ಮಲಗಿದ್ದರೋ ಆ ಮಣ್ಣು ತುಳಿತಕ್ಕೆ ಗಟ್ಟಿಯಾಗಿ, ಎಳೆಯ ಸಸಿಗಳು ಏಳಲಾರದೆ ಹೋದಾಗ, ಅವರ ಉತ್ತರಾಧಿಕಾರಿಗಳು ಈ ನಿರ್ಬಂಧವನ್ನು ಒಪ್ಪಿಕೊಂಡದ್ದು ಖರೀದಿಯಷ್ಟೇ ದೊಡ್ಡ ಕೆಲಸ. 1994ರಲ್ಲಿ ವೊಲೆಮೈ ಉದ್ಯಾನದ ಕಂದರವೊಂದರಲ್ಲಿ, ಪಳೆಯುಳಿಕೆಗಳಿಂದ ಮಾತ್ರ ಪರಿಚಿತವಿದ್ದ ವಂಶದ ಮರವೊಂದನ್ನು ಉದ್ಯಾನದ ಸಿಬ್ಬಂದಿಯೂ ಕಾಡುನಡಿಗೆಗಾರನೂ ಆದ ಡೇವಿಡ್ ನೋಬಲ್ ಕಂಡಾಗ, ರೋಗಾಣುಗಳು ಪಾದರಕ್ಷೆಯಲ್ಲಿ ಹೋಗದಂತೆ ಆ ಸ್ಥಳವನ್ನೇ ಗುಟ್ಟಾಗಿಡಲಾಯಿತು.

2019-20ರ ಬೇಸಿಗೆಯ ಕಾಳ್ಗಿಚ್ಚು ಬ್ಲೂ ಮೌಂಟನ್ಸ್ ವಿಶ್ವ ಪರಂಪರೆ ಪ್ರದೇಶದ ಸುಮಾರು ಶೇಕಡ 80 ಭಾಗವನ್ನು ಸುಟ್ಟಿತು. ಇಂದು ನ್ಯೂ ಸೌತ್ ವೇಲ್ಸ್‌ನ ಬಹುಪಾಲು ಬಿಡಾರತಾಣಗಳಿಗೆ ಮುಂಗಡ ಕಾಯ್ದಿರಿಸುವಿಕೆ ಕಡ್ಡಾಯವಾಗಿದ್ದು, ಬೆಂಕಿಯ ಜೊತೆಗೆ ಹೊಸ ಬಗೆಯ ಒತ್ತಡಗಳೂ ಎದುರಾಗಿವೆ. ರಾಜ್ಯದ ದಕ್ಷಿಣ ಕರಾವಳಿಯಲ್ಲಿ, 2022ರಲ್ಲಿ ಬಿಯೋವಾ ಎಂಬ ಮೂಲನಿವಾಸಿ ಹೆಸರು ಪಡೆದ ರಾಷ್ಟ್ರೀಯ ಉದ್ಯಾನದ ಸುಮಾರು 30 ಕಿಲೋಮೀಟರಿನ ಲೈಟ್ ಟು ಲೈಟ್ ಕಾಲುದಾರಿಯ ಪಕ್ಕ, ನಡಿಗೆಗಾರರಿಗಾಗಿ ಕುಟೀರಗಳನ್ನು ಕಟ್ಟುವ ಯೋಜನೆಯನ್ನು ಉದ್ಯಾನ ಇಲಾಖೆಯೇ ಮುಂದಿಟ್ಟಾಗ ಸಂರಕ್ಷಣಾ ಸಂಘಗಳು ಅದನ್ನು ವಿರೋಧಿಸಿದವು. ವಯಸ್ಸಾದವರಿಗೂ ಭಾರ ಹೊರಲಾರದವರಿಗೂ ಕುಟೀರಗಳು ಕಾಡನ್ನು ತೆರೆದುಕೊಡುತ್ತವೆಂಬ ಇಲಾಖೆಯ ವಾದದಲ್ಲಿ ಹುರುಳಿದೆ. ಆದರೂ ಡನ್ಫಿಯ ನಕ್ಷೆ ಎರಡು ಬಗೆಯ ನೆಲವನ್ನು ಬೇರ್ಪಡಿಸಿದ್ದು ಈ ಬಗೆಯ ಒತ್ತಡವನ್ನು ಮುಂಗಂಡೇ. ಕಟ್ಟಡವೊಂದು ಎದ್ದ ಕಡೆ ರಸ್ತೆ, ನೀರಿನ ಕೊಳವೆ, ಬಾಡಿಗೆಯ ದರ ಹಿಂಬಾಲಿಸುತ್ತವೆ, ಒಂದು ಡೇರೆಯ ಜಾಗಕ್ಕೆ ಅಲ್ಪ ಶುಲ್ಕ ತೆತ್ತು ತಂಗುತ್ತಿದ್ದವನಿಗೆ ಅಲ್ಲಿ ಸ್ಥಳವಿಲ್ಲದಾಗುತ್ತದೆ.